ಅಳತೆಯ ಪುಸ್ತಕ

ನಾರ್ವೆಯ ಲೊಫೋಟೆನ್ ದ್ವೀಪಗಳು, 1918ರ ನವೆಂಬರ್

ರೋಗದ ಲಕ್ಷಣ ಬೇಡ, ಅದು ಗೊತ್ತು ಎಂದಿರಿ ಡಾಕ್ಟರೇ,
ಸತ್ತವರ ಲಕ್ಷಣ ಹೇಳು ಎಂದಿರಿ.
ನಾನು ಬಡಗಿ. ವಯಸ್ಸು ಕೇಳಿ ಬರೆದುಕೊಳ್ಳುವವನಲ್ಲ.
ಇದರಲ್ಲಿರುವುದು ಉದ್ದ, ಅಗಲ, ಹಲಗೆಯ ಬಾಕಿ.
ಬೇಕಾದರೆ ನೋಡಿ.

ಮೂವತ್ತು ವರ್ಷದಿಂದ ಚಳಿಗಾಲದ ಪುಟಗಳು ಹೀಗೆ:
ಎರಡಡಿ, ಎರಡೂವರೆ, ಹಾಲು ಬಿಡದ ಕೂಸುಗಳು;
ಆಮೇಲೆ ಐದು, ಐದಕ್ಕೂ ಕಡಿಮೆ,
ಮುಪ್ಪು ಮನುಷ್ಯನನ್ನು ಒಣಮೀನಿನಂತೆ ಕುಗ್ಗಿಸುತ್ತದೆ.
ಉದ್ದಾಳುಗಳನ್ನು ಸಮುದ್ರವೇ ಒಯ್ಯುತ್ತಿತ್ತು,
ಅವರಿಗೆ ಪೆಟ್ಟಿಗೆ ಬೇಕಾಗುತ್ತಿರಲಿಲ್ಲ.

ಈ ಪುಟ ನೋಡಿ. ಆರಡಿ. ಆರೂಕಾಲು. ಆರಡಿ. ಐದೂಮುಕ್ಕಾಲು.
ಹುಟ್ಟು ಹಾಕಿ ಹಾಕಿ ಹರವಾದ ಎದೆಗಳು,
ಭುಜ ಪಕ್ಕದ ಹಲಗೆಗೆ ಉಜ್ಜುತ್ತಿತ್ತು.
ತೋರ್ಗೈರನನ್ನು ಸೋಮವಾರ ದಕ್ಕೆಯಲ್ಲಿ ಕಂಡಿದ್ದೆ,
ಹೆಗಲ ಮೇಲೊಂದು ಪೀಪಾಯಿ, ದಾರಿ ಬಿಡೋ ಎಂದು ನನ್ನನ್ನೇ ಬೈದು ಹೋದ.
ಗುರುವಾರ ಅಳೆದೆ.
ಕಾಡಿನ ನೀಲಿಹಣ್ಣು ಕದ್ದು ತಿಂದ ಹುಡುಗನ ಹಾಗೆ ತುಟಿ,
ಕಿವಿಯ ತನಕ ಅದೇ ಬಣ್ಣ.
ಸೀಸದಕಡ್ಡಿ ಜಾರಿತು. ಇಲ್ಲಿ ಗೀಟು ಬಿದ್ದಿದೆ, ನೋಡಿ.

ಇದೊಂದು ಮಾತ್ರ ಉದ್ದವಲ್ಲ, ಆಳ.
ಸುನ್ನೀವ, ರೊಟ್ಟಿ ಸುಡುವವನ ಹೆಂಡತಿ. ಏಳನೇ ತಿಂಗಳು.
ಮುಚ್ಚಳ ಕೂರಲಿಲ್ಲ. ಸುತ್ತಲೂ ಒಂದು ಗೇಣು ಎತ್ತರಿಸಿದೆ.
ಎರಡು ಎಂದು ಬರೆಯಲೋ, ಒಂದು ಎಂದೋ?
ಪಾದ್ರಿಯನ್ನು ಕೇಳಿದೆ. ಅವರೂ ಕೆಮ್ಮುತ್ತಿದ್ದರು.
ಬೆಲೆ ಒಂದರದೇ ಹಾಕಿದ್ದೇನೆ.

ಮುದುಕರೇ? ಮುದುಕರು ಮಲಗಿದರು, ಎದ್ದರು.
ಇದು ನಮಗೆ ಹಳೆಯ ಪರಿಚಯ ಎನ್ನುತ್ತಾಳೆ ರಗ್ನಾ ಅಜ್ಜಿ,
ತೊಂಬತ್ತರ ಚಳಿಗಾಲದಲ್ಲೂ ಊರೆಲ್ಲ ಹೀಗೇ ಕೆಮ್ಮಿತ್ತಂತೆ.
ಎಂಬತ್ತೊಂದು. ಬರೆದುಕೊಳ್ಳಿ, ಇವಳೊಬ್ಬಳ ವಯಸ್ಸು ನನಗೆ ಗೊತ್ತು:
ಎಪ್ಪತ್ತು ತುಂಬಿದ ದಿನ ತನ್ನ ಪೆಟ್ಟಿಗೆ ತಾನೇ ಮಾಡಿಸಿಟ್ಟವಳು.
ಹನ್ನೊಂದು ವರ್ಷ ಅದು ಅಟ್ಟದ ಮೇಲೆ,
ಒಳಗೆ ಒಣರೊಟ್ಟಿ ತುಂಬಿಕೊಂಡು.

ನನ್ನಲ್ಲಿ ಹಲಗೆ ಮುಗಿದ ವಾರ ಬಂದಳು,
ರೊಟ್ಟಿ ತೆಗೆದು, ಒರೆಸಿ, ಹಿಮಗಾಡಿಯಲ್ಲಿಟ್ಟು ತಾನೇ ಎಳೆದುಕೊಂಡು.
ಮೊಮ್ಮಗ ಯೂಸ್ಟೈನನಿಗೆ ಇರಲಿ, ಎಂದಳು.
ಆರಡಿ ಮೂರಡಿ, ಎಲ್ಲರಿಗೂ ಒಂದೇ ಎನ್ನುತ್ತಾರಲ್ಲ ಡಾಕ್ಟರೇ,
ಅವಳದು ನಾಲ್ಕೂಮುಕ್ಕಾಲು.
ಕಾಲಿನ ಕಡೆ ಬಿಚ್ಚಿ, ಮೀನಿನ ಪೆಟ್ಟಿಗೆ ಒಡೆದು
ಒಂದೂಕಾಲು ಅಡಿ ಕೂಡಿಸಿದೆ. ಉಪ್ಪಿನ ಕಲೆ ಹೋಗಲಿಲ್ಲ.
ಸಂದಿಯಲ್ಲಿ ರೊಟ್ಟಿಯ ಚೂರು ಇನ್ನೂ ಇತ್ತು,
ಹಾಗೇ ಬಿಟ್ಟೆ.

ಬಾಗಿಲಲ್ಲಿ ನಿಂತೇ ಕಾಫಿ ಕುಡಿದಳು.
ನನಗೆ ಬೇರೆ ಮಾಡು, ಎಂದಳು, ಹಲಗೆ ಬಂದ ಮೇಲೆ. ಅವಸರವಿಲ್ಲ.
ಅಳತೆ ಹಿಡಿದೆ.
ಮೊದಲಿಗಿಂತ ಎರಡು ಬೆರಳು ಕುಗ್ಗಿದ್ದಾಳೆ.