ಗಸಿಯ ಕಾವಲು

ವಾರವಿಡೀ ಶಾಲೆಯ ಮಕ್ಕಳನ್ನು ತುಂಬಿಕೊಂಡು ಓಡುವ
ಶೇಸಪ್ಪ ಮಾವನ ಓಮ್ನಿಗೆ ಆದಿತ್ಯವಾರ ನಾವು.
ಬೊಕ್ಕಪಟ್ಣದಿಂದ ಹೊರಟವರು ಏಳು ಜನ,
ಸೀಟಿನಡಿಯಲ್ಲಿ ಯಾವುದೋ ಮಗು ಮರೆತ ನೀರಿನ ಬಾಟ್ಲಿ,
ಅಮ್ಮನ ಮಡಿಲಲ್ಲಿ
ಬೈರಾಸು ಸುತ್ತಿ ಗಂಟು ಹಾಕಿದ ದೊಡ್ಡ ಪಾತ್ರೆ.

ಕಾಪು ದಾಟುವಾಗ ಒಮ್ಮೆ ತುಳುಕಿತು.
ಬ್ರಹ್ಮಾವರದಲ್ಲಿ ಒಳರಸ್ತೆಗೆ ತಿರುಗುವಷ್ಟರಲ್ಲಿ
ಅತ್ತೆಯ ಸೀರೆಗೆ, ಪ್ರಾಪ್ತಿಯ ರಿಬ್ಬನ್ನಿಗೆ, ಹಿಂದಿನ ಗಾಜಿಗೂ
ಹುರಿದ ಕೊತ್ತಂಬರಿಯ ವಾಸನೆ.

ಬಾರ್ಕೂರಿನಲ್ಲಿ ಮುನ್ನೂರ ಅರವತ್ತೈದು ಗುಡಿಗಳಿದ್ದವಂತೆ,
ದಿನಕ್ಕೊಂದು, ಎಂದ ಮಾವ.
ಲೀಪ್ ಇಯರ್ ಬಂದರೆ? ಎಂದಳು ಪ್ರಾಪ್ತಿ.
ಮಾವ ಗೇರ್ ಬದಲಿಸಿದ.

ಕತ್ತಲೆ ಬಸದಿಯ ಮುಂದೆ ಇಳಿದ ಮೇಲೆ ಹೊಳೆದದ್ದು:
ಜೈನರ ಜಾಗ, ಕೋಳಿಯನ್ನು ಒಳಗೆ ಒಯ್ಯುವಂತಿಲ್ಲ.
ಬಿಟ್ಟು ಹೋಗೋಣವೆಂದರೆ ಓಮ್ನಿಯ ಬಾಗಿಲು ಬೀಗ ಹಿಡಿಯುವುದಿಲ್ಲ,
ಮೂರು ನಾಯಿಗಳು ಆಗಲೇ ಪಂಕ್ತಿಗೆ ಕೂತಾಗಿತ್ತು.
ಅತ್ತೆಯ ಪರ್ಸಿನ ಹಳೆಯ ಬಸ್ ಟಿಕೆಟ್ ಹರಿದು ಚೀಟಿ ಎತ್ತಿದೆವು.
ಕಾವಲು ನನಗೆ ಬಂತು.

ಅವರು ಒಳಗೆ ಹೋದರು. ಕಲ್ಲು ಅವರನ್ನು
ಒಬ್ಬೊಬ್ಬರಾಗಿ ಎತ್ತಿಕೊಂಡಿತು,
ಮೊದಲು ಅತ್ತೆಯ ಕೊಡೆ, ಕೊನೆಗೆ ಅಮ್ಮನ ಕುಂಟು ನಡಿಗೆ.

ಬಸದಿ ಕಾಯುವವನು ಬೀಡಿ ಕಿವಿಗೆ ಸಿಕ್ಕಿಸಿ ಬಂದ,
ಮೂಗೆತ್ತಿ ನಿಂತ.
“ಕೋಳಿಯಾ?”
ಹೌದೆಂದೆ. ಕೂತುಕೊಂಡ.
ಅವನದು ಕಲ್ಲಿನ ಕಾವಲು, ಹನ್ನೊಂದು ವರ್ಷ;
ನನ್ನದು ಗಸಿಯದು, ಹನ್ನೊಂದು ನಿಮಿಷ.
ಕಳ್ಳರು ಬರುತ್ತಾರಾ ಎಂದು ಕೇಳಿದೆ.
“ಫೋಟೋ ತೆಗೂಕೆ ಬತ್ರ್. ಕಳ್ರಿಗೆ ಎಂತ ಇತ್ತ್ ಇಲ್ಲಿ.”
ಒಂದು ತುಂಡು ಹಾಕಲಾ ಎಂದರೆ ಮೆಲ್ಲಗೆ ತಲೆಯಾಡಿಸಿದ:
“ಇವತ್ತ್ ಸಂಕ್ರಾಂತಿ ಅಲ್ದಾ. ನಾನ್ ತಿಂಬುದಿಲ್ಲೆ.”

ಸಂಕ್ರಾಂತಿ.
ನಮ್ಮಲ್ಲೂ ಈ ದಿನ ಮೀನಿನ ಮಣ್ಣಿನ ಪಾತ್ರೆ ಕವುಚಿ ಇಡುತ್ತೇವೆ,
ದೈವದ ಮುಂದೆ ಅಮ್ಮ ದೀಪ ಇಡುತ್ತಾಳೆ.
ಬೈರಾಸಿನ ಗಂಟು ಮುಟ್ಟಿ ನೋಡಿದೆ.
ಬಿಸಿ ಇನ್ನೂ ಇತ್ತು.

ಸೀತಾನದಿಯ ದಡ, ಒಂದು ಹೊನ್ನೆಮರದ ಅಡಿ.
ರೊಟ್ಟಿ ಮುರಿಯುವ ಸದ್ದು,
ಮಾಡಿನ ಹಂಚಿನ ಮೇಲೆ ಯಾರೋ ನಡೆದ ಹಾಗೆ.
ಗಸಿ ಸುರಿದಂತೆ ಸದ್ದೂ ಮೆತ್ತಗಾಯಿತು.
ಒಳಗೆ ಏನಿತ್ತು? ಎಂದೆ.
ಕಂಬ, ಎಂದಳು ಅತ್ತೆ.
ತಂಪು, ಎಂದಳು ವಾರಿಜ ದೊಡ್ಡಮ್ಮ, ಕಾಲು ಚಾಚುತ್ತಾ.
ತಮ್ಮ ಸುದೇಶನಿಗೆ ಸಿಕ್ಕಿದ್ದು ಬಾವಲಿಯ ನಾತ ಮಾತ್ರ.
“ದೇವರು ಇರಲಿಲ್ಲ,” ಎಂದಳು ಪ್ರಾಪ್ತಿ,
“ಕೂರುವ ಜಾಗ ಇತ್ತು.”
ಅಮ್ಮ ಏನೂ ಹೇಳದೆ
ನನ್ನ ತಟ್ಟೆಗೆ ಇನ್ನೊಂದು ಸೌಟು ಹಾಕಿದಳು.

ಮಾವ ಭೂತಾಳ ಪಾಂಡ್ಯನ ಕತೆ ತೆಗೆದ:
ಹಡಗು ನೀರಿಗಿಳಿಯಲು ಭೂತ ಬಲಿ ಕೇಳಿದ್ದು,
ನನ್ನ ಮಕ್ಕಳನ್ನು ಕೊಡೆನೆಂದು ಹೆಂಡತಿ ಬಾಗಿಲು ಹಾಕಿಕೊಂಡದ್ದು,
ತಂಗಿ ತನ್ನ ಮಗನನ್ನು ಕೈಹಿಡಿದು ತಂದದ್ದು,
ಅಂದಿನಿಂದ ಆಸ್ತಿಯೆಲ್ಲ ಅಳಿಯನಿಗೆ ಆದದ್ದು.
“ಹಾಗಾದರೆ ಕಾಲಿನ ತುಂಡು ನನಗೆ,” ಎಂದ ಸುದೇಶ,
ಮಾವನ ತಟ್ಟೆಯಿಂದಲೇ ಎತ್ತಿ.
ಅತ್ತೆ ನಕ್ಕಳು, ಹೆಂಡತಿಯ ಪಾಲಿನ ನಗು.

ನಾನೂ ತಿಂದೆ. ಎರಡು ಸಲ ಹಾಕಿಸಿಕೊಂಡೆ.
ಹೇಳಬೇಕಾದ ಮಾತು ರೊಟ್ಟಿಯ ಜೊತೆ ನೆನೆದು
ಸದ್ದಿಲ್ಲದೆ ಇಳಿಯಿತು.

ಪಾತ್ರೆ ತೊಳೆಯಲು ನೀರಿಗಿಳಿದವರು ನಾವಿಬ್ಬರೇ.
ಕೆಂಪು ಎಣ್ಣೆ ತೇಲಿದ ಕಡೆಗೆ ಮೀನಿನ ಮರಿಗಳು ಮುತ್ತಿದವು;
ಅವಕ್ಕೆ ಯಾವ ತಿಥಿ, ಯಾವ ವಾರ.
“ಅಮ್ಮಾ, ಇವತ್ತು...”
“ಗೊತ್ತುಂಟು,” ಎಂದಳು, ನಾರಿನಿಂದ ತಳ ಉಜ್ಜುತ್ತಾ.
“ಕ್ಯಾಲೆಂಡರ್ ನೋಡುವಾಗ ಕೋಳಿ ಬೆಂದಾಗಿತ್ತು.
ಒಳಗೆ ಐದು ರೂಪಾಯಿ ತಪ್ಪುಕಾಣಿಕೆ ಇಟ್ಟು ಬಂದೆ.”
“ಅಲ್ಲಿ ದೇವರಿಲ್ಲವಂತಲ್ಲ?”
“ಕೂರುವ ಜಾಗ ಉಂಟಲ್ಲ.”

ಮೇಲಿನಿಂದ ಮಾವ ಹಾರ್ನ್ ಹೊಡೆದ.
ಮುಂದಿನ ತಿಂಗಳು ಕಾರ್ಕಳ, ಎಂದು ಕೂಗಿದ.