ಒಂದರಿಂದ ಐದೂವರೆ

ಗಡಿಯಾರವನ್ನು ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟಿದ್ದೇನೆ.
ರಾತ್ರಿ ಹೊತ್ತು ನೋಡಬೇಡಿ, ಎಂದಿದ್ದಳು ಡಾಕ್ಟರು.
ನೋಡುವುದಿಲ್ಲ. ಕೇಳುತ್ತೇನೆ.
ಕಾಳಿಗೆ ಬಿದ್ದ ಹುಳದ ಹಾಗೆ
ಹಿಟ್ಟಿನೊಳಗಿಂದ ಕೊರೆಯುತ್ತದೆ ಅದು.

ಹನ್ನೊಂದು ವರ್ಷ.
ಲಿಯೆಪಾಯಾದ ಗಾಳಿಗೂ ಒಮ್ಮೊಮ್ಮೆ ಸಾಕಾಗಿ
ಬಂದರಿನ ಕ್ರೇನುಗಳ ಬುಡದಲ್ಲಿ ಮುದುಡಿಕೊಳ್ಳುತ್ತದೆ.
ಇಂದುಲಿಸ್ ದಿಂಬು ಮುಟ್ಟುವ ಮೊದಲೇ ಮಲಗಿರುತ್ತಾನೆ
ನನ್ನ ಪಾಲನ್ನೂ ತಾನೇ ಉಂಡವನಂತೆ,
ಬಾಯಿ ತೆರೆದು.
ಅವನ ಮೇಲೆ ಸಿಟ್ಟಿಲ್ಲ.
ಸುಳ್ಳು. ನಡುರಾತ್ರಿ ಇರುತ್ತದೆ, ಬೆಳಗಾದರೆ ಇರುವುದಿಲ್ಲ.

ಹಗಲು ಆಸ್ಪತ್ರೆಯ ಬಟ್ಟೆಮನೆಯಲ್ಲಿ
ಬೇರೆಯವರು ಮಲಗುವ ಚಾದರಗಳಿಗೆ ಇಸ್ತ್ರಿ ಹಾಕುತ್ತೇನೆ.
ಬಿಸಿ, ಬಿಳಿ, ಸೋಪಿನ ವಾಸನೆ.
ಒಮ್ಮೆ ಆ ರಾಶಿಯ ಮೇಲೆ ಕೆನ್ನೆಯಿಟ್ಟೆ.
ಮೇಲ್ವಿಚಾರಕಿ ಸ್ಕೈದ್ರೀತೆ ಕಂಡೂ ಕಾಣದವಳಂತೆ
ಬಾಗಿಲೆಳೆದುಕೊಂಡು ಹೋದಳು.
ಆದರೂ ಬರಲಿಲ್ಲ.
ದಣಿವೇ ಬೇರೆ, ನಿದ್ದೆಯೇ ಬೇರೆ.
ದಣಿವೆಂದರೆ
ನೆಂದ ಉಣ್ಣೆಕೋಟು ತೊಟ್ಟು ಮೆಟ್ಟಿಲು ಹತ್ತುವುದು,
ಹತ್ತಿದ ಮೇಲೆ ಯಾಕೆ ಬಂದೆನೆಂದು ಮರೆಯುವುದು,
ಮಗಳು ದಾರ್ತಾಳನ್ನು ಕರೆಯಹೋಗಿ
ಬಾಯಿಗೆ ನಾಯಿಯ ಹೆಸರು ಬರುವುದು,
ಅವಳು ನಗುವುದು.
ಮೂರನೆಯ ಸಲ ನಗದಿರುವುದು.

ಏನೇನು ಕುಡಿದಿಲ್ಲ!
ಲಿಂಡೆನ್ ಹೂವಿನ ಕಷಾಯ. ಜೇನು ಹಾಕಿದ ಹಾಲು.
ವಲೇರಿಯನ್ ಬೇರಿನ ಹನಿ ಚೆಲ್ಲಿಕೊಂಡ ದಿನ
ಓಣಿಯ ಬೆಕ್ಕುಗಳೆಲ್ಲ ಬೆನ್ನು ಹತ್ತಿ
ಮನೆಬಾಗಿಲಲ್ಲಿ ಉರುಳಾಡಿ
ಒಂದರ ಮೇಲೊಂದು ಬಿದ್ದು ಮಲಗಿದವು.
ನೆರೆಮನೆಯ ಜೆಂಟಾ ಹೊಲಿದುಕೊಟ್ಟ,
ಬಿಯರಿಗೆ ಹಾಕುವ ಹೂ ತುಂಬಿದ ದಿಂಬು
ರಾತ್ರಿಯಿಡೀ ಕಿವಿಯಲ್ಲಿ ಚರಚರ ಎಂದಿತು.
ನೀಲಿ ಮಾತ್ರೆ ಆರು ವಾರ ಕೈ ಹಿಡಿಯಿತು.
ಏಳನೆಯ ವಾರ ಒಂದು ಬೆಳಗ್ಗೆ
ಅಡುಗೆಮನೆಯಲ್ಲಿ ಒಂದು ಮೂಟೆ ಆಲೂಗಡ್ಡೆ
ಸಿಪ್ಪೆ ಸುಲಿದು ಬಕೆಟ್ಟಿನ ನೀರಲ್ಲಿ ಮುಳುಗಿಸಿಟ್ಟಿತ್ತು.
ಸುಲಿದವಳು ನಾನೇ. ಬೆರಳಲ್ಲಿ ಗಾಯವಿತ್ತು.
ನೆನಪಿರಲಿಲ್ಲ.

ರೀಗಾದಲ್ಲಿ ತಲೆಗೆ ತಂತಿ ಅಂಟಿಸಿ
ಹೂಂ, ಮಲಗಿ, ಎಂದರು.
ಬೆಳತನಕ ಚಾವಣಿ ನೋಡಿದೆ.
ವರದಿ ಬೇರೆಯೇ ಹೇಳಿತು:
ಐದು ಗಂಟೆ ಹತ್ತು ನಿಮಿಷ ನಿದ್ರಿಸಿದ್ದೀರಿ.
ಹಾಗಾದರೆ ಆಗ ನಾನೆಲ್ಲಿದ್ದೆ?
ಕೇಳಿದ್ದಕ್ಕೆ ಆ ಹುಡುಗ
ಕಾಗದ ತಿರುಗಿಸಿ ನನಗೇ ತೋರಿಸಿದ.

ತೂಕಡಿಸುವವರಿಗೆ ಹಾಸಿಗೆ ಹಾಸಿಕೊಡುವುದು ಲೋಕರೂಢಿ.
ಈ ಹೊಸ ಡಾಕ್ಟರು ಹಾಸಿಗೆಯನ್ನೇ ಕಿತ್ತುಕೊಂಡಳು.
ಒಂದರಿಂದ ಐದೂವರೆ, ಅಷ್ಟೇ.
ಬಂದರೂ ಅಷ್ಟೇ, ಬಾರದಿದ್ದರೂ ಅಷ್ಟೇ.
ಹಗಲು ಕಣ್ಣು ಮುಚ್ಚಕೂಡದು.
ದಿನಾ ಪುಸ್ತಕದಲ್ಲಿ ಬರೆಯಬೇಕು.
ಜೊತೆಗೆ ಕೂರುತ್ತೇನೆಂದ ಇಂದುಲಿಸ್
ಹತ್ತಕ್ಕೇ ಕುರ್ಚಿಯಲ್ಲಿ ಗೊರಕೆ.
ನಾನು ನಿಂತೇ ಇರುತ್ತೇನೆ, ಕೂತರೆ ಭಯ,
ಚಮಚಗಳನ್ನು ಉಜ್ಜುತ್ತ,
ಕಾಲ್ಚೀಲಗಳ ಜೋಡಿ ಹುಡುಕುತ್ತ,
ಒಂದಾಗುವುದನ್ನೇ
ವರ ಬರುವುದನ್ನು ಕಾಯುವವಳಂತೆ ಕಾಯುತ್ತ.

ನಾಲ್ಕನೆಯ ವಾರ, ಗುರುವಾರ, ಟ್ರಾಮಿನಲ್ಲಿ
ಪೀಟರನ ಸಂತೆಯ ನಿಲ್ದಾಣ ಕಂಡ ನೆನಪು:
ಮೀನಿನ ಬುಟ್ಟಿ ಹೊತ್ತು ಹತ್ತಿದ ಮುದುಕಿ,
ಯಾರದೋ ಕೊಡೆಯ ನೀರು ನನ್ನ ಮಂಡಿಗೆ.
ಚಿಂತೆಯೂ ಇತ್ತು, ಸಂತೆಯೂ ಇತ್ತು,
ನಡುವೆ ಎಲ್ಲಿಂದಲೋ ಅದೂ ಬಂತು.
ಕಣ್ಣು ಬಿಟ್ಟಾಗ ಕೊನೆಯ ನಿಲ್ದಾಣ.
ಇದು ನಿಮ್ಮ ಎರಡನೆಯ ಸುತ್ತು, ಎಂದಳು ಚಾಲಕಿ,
ಎಬ್ಬಿಸಲು ಮನಸ್ಸಾಗಲಿಲ್ಲ.
ಗಲ್ಲದ ಮೇಲೆ ಜೊಲ್ಲು ಒಣಗಿತ್ತು.
ಮುದುಕಿ ಇರಲಿಲ್ಲ; ಮೀನಿನ ವಾಸನೆ ಇತ್ತು.
ಕೆಲಸಕ್ಕೆ ಒಂದು ಗಂಟೆ ತಡ.

ಈಗ ರಾತ್ರಿ, ಒಂದಾಗಲು ಇನ್ನೂ ಇದೆ.
ಪುಸ್ತಕದಲ್ಲಿ ಒಂದು ಸಾಲು:
ಹಗಲು ನಿದ್ರಿಸಿದಿರಾ? ಎಷ್ಟು ನಿಮಿಷ?
ಪೆನ್ಸಿಲು ಹಿಡಿದು ನಿಂತಿದ್ದೇನೆ,
ಕದ್ದ ಸೇಬನ್ನು ಲಂಗದಲ್ಲಿ ಮುಚ್ಚಿಟ್ಟುಕೊಂಡ
ಹುಡುಗಿಯ ಹಾಗೆ.
ಇಲ್ಲ, ಎಂದು ಬರೆದೆ.
ಅಳಿಸಿದೆ.