ಬಾಕಿ ಚಿಲ್ಲರೆ

ಡಿಪೋದ ಬೆಂಚಿನ ಮೇಲೆ ಮುನಿಲಕ್ಷ್ಮಿ
ಊಟದ ಡಬ್ಬಿಗಿಂತ ಮೊದಲು ಈ ಡಬ್ಬಿಗಳನ್ನು ತೆಗೆದಳು.
ಇದು ಸತು, ಇದು ಮೆಗ್ನೀಸಿಯಂ, ಇದು ಬಿ ಹನ್ನೆರಡು,
ಇದು ಮೀನೆಣ್ಣೆ, ತಿನ್ನಲ್ಲ ಅಂದ್ರೆ ಅಗಸೆಯದ್ದೂ ಇದೆ.
"ನಿನ್ನೊಳಗೆ ಏನೋ ಕಮ್ಮಿಯಾಗಿದೆ ಕಣೆ, ಅಷ್ಟೇ.
ಹುಚ್ಚಲ್ಲ."

ಆ ಕೊನೆಯ ಒಂದು ಮಾತಿಗೆ
ನಾನೂರೈವತ್ತು ಕೊಟ್ಟೆ. ಮಿಕ್ಕದ್ದು ಸಾಲ.

ಕಮ್ಮಿ ಅನ್ನುವುದು ಎಷ್ಟು ಹಗುರ!
ತೊಗರಿಬೇಳೆ ಕಮ್ಮಿಯಾದ ಹಾಗೆ,
ಅಂಗಡಿಗೆ ಹೋಗಿ ತಂದರೆ ಮುಗಿಯಿತು.
ಫೈಲು ಬೇಡ, ಟೋಕನ್ನು ಬೇಡ,
ನಿಮ್ಹಾನ್ಸ್ ಸ್ಟಾಪಿನಲ್ಲಿ, ನನ್ನದೇ ರೂಟಿನ ಬಸ್ಸಿನಿಂದ,
ಸೆರಗು ಮರೆಮಾಡಿಕೊಂಡು ಇಳಿಯುವುದೂ ಬೇಡ.

ಲಿಥಿಯಂ ಚೀಟಿಯನ್ನು
ಗ್ಯಾಸ್ ಪುಸ್ತಕದೊಳಗೆ ಮಡಚಿಟ್ಟೆ.
ಮೂತ್ರ ಅರಿಶಿನವಾಯಿತು.
ಕಾಲಿನ ಜೋಮು ನಿಜಕ್ಕೂ ಇಳಿಯಿತು,
ಇದನ್ನು ಹೇಳದಿದ್ದರೆ ಮುನಿಲಕ್ಷ್ಮಿಗೆ ಅನ್ಯಾಯ.

ಐದನೇ ವಾರ ಬೆಳಕು ಬಂತು.
ಡೈರಿ ಸರ್ಕಲ್ಲಿನ ಸಿಗ್ನಲ್ಲು
ನನ್ನನ್ನು ಕೇಳಿಯೇ ಹಸಿರಾಗತೊಡಗಿತು.
ಟಿಕೆಟಿನ ಹಿಂದೆ ಗೀಚಿ ಕೊಟ್ಟ ಒಂದು ರೂಪಾಯಿ, ಎರಡು ರೂಪಾಯಿ,
ಎಂಟು ವರ್ಷದ ಬಾಕಿಯೆಲ್ಲ
ಇವತ್ತೇ ಈ ಊರಿಗೆ ತೀರಿಸಬೇಕೆಂದು ಹೊಳೆಯಿತು.
ಚೀಲ ಬಿಚ್ಚಿ ಹಂಚಿದೆ.
ಚಿಲ್ಲರೆ ಮುಗಿದ ಮೇಲೆ ನೋಟು, ನೋಟು ಮುಗಿದ ಮೇಲೆ ಬಳೆ.
ಬಳೆ ಸಿಕ್ಕಿದ ಮುದುಕಿ
ಅದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು
ತನ್ನ ಸ್ಟಾಪು ಬಂದರೂ ಇಳಿಯದೆ
ಡಿಪೋವರೆಗೂ ನನ್ನ ಮೊಣಕೈ ಹಿಡಿದು ಕೂತಿದ್ದಳಂತೆ.
ನನಗೆ ನೆನಪಿಲ್ಲ. ಬಳೆ ಇದೆ.

ಡಾಕ್ಟರು ಬೈಯಲಿಲ್ಲ.
ಹಳೆಯ ರಿಪೋರ್ಟು ತಿರುವಿ, ಬಿ ಹನ್ನೆರಡು ಕಮ್ಮಿ ಇದ್ದದ್ದು ಹೌದು,
ಅದನ್ನು ಬಿಡಬೇಡಿ, ಅಂದರು.
ಆದರೆ ಅದರ ಕೈಲಿ ಇದರ ಕೆಲಸ ಮಾಡಿಸಬೇಡಿ.
ಆಮೇಲೆ, ಪೆನ್ನಿನ ಮುಚ್ಚಳ ಹಾಕುತ್ತಾ:
ಇದೂ ಕಲ್ಲಿನಿಂದ ಬಂದ ಉಪ್ಪೇ ಕಣ್ರಿ.

ಈಗ ಬೆಳಗ್ಗೆ ಮಾತ್ರೆಗೆ ಮುಂಚೆ ರಕ್ತ ಕೊಟ್ಟು,
ಮೊಣಕೈಯಲ್ಲಿ ಹತ್ತಿ ಮಡಚಿಕೊಂಡು
ಲಾಲ್‌ಬಾಗಿನ ಬಂಡೆ ಹತ್ತಿ ಕೂರುತ್ತೇನೆ.
ಊರಿನ ಬುಡದಲ್ಲಿ ಇಷ್ಟು ಕಲ್ಲು,
ನನ್ನ ಪಾಲಿಗೆ ಬಂದದ್ದು ಉಗುರಿನಷ್ಟು.
ಬಾಟಲಿಯ ಮುಚ್ಚಳ ತಿರುಗಿಸುವಾಗ ಬೆರಳು ನಡುಗುತ್ತದೆ.
ಉಪ್ಪು ತಿಂದವರು ನೀರು ಕುಡಿಯಲೇಬೇಕು:
ನನಗದು ಗಾದೆಯಲ್ಲ,
ಚೀಟಿಯ ಕೊನೆಯ ಸಾಲು, ಅಡಿಗೆರೆ ಎಳೆದದ್ದು.

ಮುನಿಲಕ್ಷ್ಮಿಗೆ ಇನ್ನೂ ಆರುನೂರು ಕೊಡಬೇಕು.
ಬೇಡ ಹೋಗೇ ಅನ್ನುತ್ತಾಳೆ.
ಟಿಕೆಟಿನ ಹಿಂದೆ ಬರೆದು ಕೊಟ್ಟಿದ್ದೇನೆ.